ಎಳೆಯರ ಓದು: ಮನೆಯ ಹೊಣೆ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಅಪ್ಪಣೆ ಮಾಡಿದಾಗ, ಚಾಮರಸನ ಮೇಲೆಯೋ ಷಡಕ್ಷರಿಯ ಮೇಲೆಯೋ ನಾನು ನಾಲ್ಕು ಮಾತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಮೂವತ್ತು ವರ್ಷಗಳಿಂದ ಪ್ರೌಢಶಾಲೆಯ ಮಕ್ಕಳಿಗೆ ಸಂಧಿ ಸಮಾಸಗಳನ್ನೂ ಷಟ್ಪದಿಯ ಗಣವಿಭಾಗವನ್ನೂ ಬೋಧಿಸುತ್ತ ಬಂದವನಿಗೆ ಅದು ಸುಲಭದ ದಾರಿಯೂ ಹೌದು. ಆದರೆ ಈ ಸಲ ಮನಸ್ಸು ಅತ್ತ ಹರಿಯಲಿಲ್ಲ. ಎಂಟನೆಯ ತರಗತಿಗೆ ಬಂದು ಸೇರುವ ಮಕ್ಕಳಲ್ಲಿ, ಪದ್ಯದ ಅರ್ಥ ಹಾಗಿರಲಿ, ಪದ್ಯದ ಒಂದು ಸಾಲನ್ನು ತಡವರಿಸದೆ ಓದಲಾರದವರನ್ನು ವರ್ಷವರ್ಷವೂ ಕಾಣುತ್ತಿದ್ದೇನೆ. ಅಂಥವರಿಗೆ ಭಾಮಿನಿಯ ಲಕ್ಷಣವನ್ನು ಹೇಳುವುದು ಬುನಾದಿಯಿಲ್ಲದ ಮನೆಗೆ ಕಳಸವಿಟ್ಟಂತೆ. ಆದಕಾರಣ ಪಂಡಿತನ ಪೀಠದಿಂದ ಕೆಳಗಿಳಿದು, ನಾಲ್ಕೈದು ವರ್ಷದ ಕೂಸು ಮನೆಯಲ್ಲಿ ಓದನ್ನು ಹೇಗೆ ಕಲಿಯುತ್ತದೆ, ಹೇಗೆ ಕಲಿಯಬೇಕು ಎಂಬುದರ ಬಗೆಗೆ ನನಗೆ ತೋರಿದ್ದನ್ನು ಇಲ್ಲಿ ನಿವೇದಿಸುತ್ತೇನೆ.

ಇದು ನನ್ನೊಬ್ಬನ ಅಳಲೆಂದು ಯಾರೂ ತಿಳಿಯಬಾರದು. ಗ್ರಾಮಾಂತರ ಭಾರತದ ಮನೆಮನೆಗೆ ಹೋಗಿ ಮಕ್ಕಳ ಓದನ್ನು ಪರೀಕ್ಷಿಸುವ ‘ಅಸರ್’ ಸಮೀಕ್ಷೆಯ ಪ್ರಕಾರ, ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಓದಬಲ್ಲವರು 2018ರಲ್ಲಿ ನೂರಕ್ಕೆ 27.3 ಇದ್ದರು, ಮಹಾಮಾರಿಯ ಅನಂತರ 2022ರಲ್ಲಿ ಅದು 20.5ಕ್ಕೆ ಇಳಿಯಿತು, 2024ರಲ್ಲಿ 27.1ಕ್ಕೆ ಏರಿತು. ಏರಿತೆಂದು ಸಂತೋಷಪಡುವವರು, ಏರಿ ನಿಂತದ್ದು ಹಿಂದಿನ ಮೆಟ್ಟಿಲಿನಲ್ಲಿಯೇ ಎಂಬುದನ್ನು ಮರೆಯಬಾರದು. ನಾಲ್ವರಲ್ಲಿ ಮೂವರು ಮಕ್ಕಳು ತಮ್ಮ ಕೈಯಲ್ಲಿರುವ ಪುಸ್ತಕವನ್ನು ಓದಲಾರದೆ ಶಾಲೆಯಲ್ಲಿ ಕುಳಿತಿದ್ದಾರೆ. ಇದಕ್ಕೆ ಶಾಲೆಯನ್ನು ದೂರುವುದು ವಾಡಿಕೆ. ಶಾಲೆಯವನಾದ ನಾನು ಆ ದೂರಿನಲ್ಲಿ ನನ್ನ ಪಾಲನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಶಾಲೆಗೆ ಬರುವ ಮೊದಲು ಮಗುವಿನ ಕಿವಿಯಲ್ಲಿ ಏನು ಬಿದ್ದಿದೆ ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳುವುದೇ ಇಲ್ಲ.

ಕಿವಿ ಎಂದೆ. ಓದು ಕಣ್ಣಿನ ಕೆಲಸವೆಂದು ಲೋಕದ ನಂಬಿಕೆ. ಅದು ಮೊದಲು ಕಿವಿಯ ಕೆಲಸವೆಂಬುದನ್ನು ನನಗೆ ಕಲಿಸಿದವಳು ಅಕ್ಷರದ ಗಂಧವಿಲ್ಲದ ನನ್ನ ಅಜ್ಜಿ. ಶ್ರಾವಣಮಾಸ ಬಂತೆಂದರೆ ನಮ್ಮ ಮನೆಯ ಪಡಸಾಲೆಯಲ್ಲಿ ಭೀಮಕವಿಯ ಬಸವಪುರಾಣದ ಪಾರಾಯಣ ನಡೆಯುತ್ತಿತ್ತು. ಓದುವವರು ಯಾರೂ ಸಿಕ್ಕದ ಸಂಜೆ ಆ ಭಾರ ಮೂರನೆಯ ಇಯತ್ತೆಯ ಹುಡುಗನಾದ ನನ್ನ ಮೇಲೆ ಬೀಳುತ್ತಿತ್ತು. ನಾನು ಪದಗಳನ್ನು ಎಲ್ಲೆಲ್ಲಿಯೋ ಮುರಿದು, ಎಲ್ಲೆಲ್ಲಿಯೋ ಕೂಡಿಸಿ ಓದುವೆ. ಬತ್ತಿ ಹೊಸೆಯುತ್ತ ಕುಳಿತ ಅಜ್ಜಿ ತಲೆಯೆತ್ತದೆಯೇ, “ಹಂಗಲ್ಲೋ ತಮ್ಮಾ, ಇನ್ನೊಮ್ಮೆ ನೋಡು” ಎನ್ನುವಳು. ಮತ್ತೆ ನೋಡಿದರೆ ನಿಜವಾಗಿಯೂ ಹಾಗಿರುತ್ತಿರಲಿಲ್ಲ! ಒಂದಕ್ಷರವನ್ನೂ ಓದಲಾರದ ಮುದುಕಿ ಓದುವವನ ತಪ್ಪನ್ನು ತಿದ್ದುತ್ತಿದ್ದಳು. ನಲವತ್ತು ಶ್ರಾವಣಗಳಲ್ಲಿ ಕೇಳಿದ ಆ ಷಟ್ಪದಿಯ ನಡೆ ಅವಳ ಕಿವಿಯಲ್ಲಿ ನೆಲೆಸಿತ್ತು. ನನಗೆ ಓದು ಬಂದದ್ದು ಶಾಲೆಯ ಮಾಸ್ತರರಿಂದ ಅರ್ಧ, ಆ ತಲೆಯೆತ್ತದ ತಿದ್ದುಪಡಿಯಿಂದ ಅರ್ಧ.

ಇದರ ಮರ್ಮ ನನಗೆ ಹೊಳೆದದ್ದು ಬಹಳ ತಡವಾಗಿ. ನಮ್ಮ ಭಾಗದ ಮಗು ಮನೆಯಲ್ಲಿ ‘ಬರ್ತಾನ’, ‘ಹೋಗ್ಯಾನ’, ‘ಮನ್ಯಾಗ’ ಎಂದು ಕೇಳುತ್ತದೆ, ಹಾಗೆಯೇ ಆಡುತ್ತದೆ. ಪುಸ್ತಕ ತೆರೆದರೆ ಅಲ್ಲಿ ‘ಬರುತ್ತಾನೆ’, ‘ಹೋಗಿದ್ದಾನೆ’, ‘ಮನೆಯಲ್ಲಿ’ ಎಂದಿದೆ. ಆಡುವ ಕನ್ನಡವೂ ಬರೆಯುವ ಕನ್ನಡವೂ ಒಂದೇ ತಾಯ ಮಕ್ಕಳಾದರೂ ಎಳೆಯ ಕೂಸಿಗೆ ಅವು ಎರಡಾಗಿಯೇ ತೋರುತ್ತವೆ. ಮನೆಯಲ್ಲಿ ಒಬ್ಬರಾದರೂ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದರೆ, ಪುರಾಣವೋ ವಚನವೋ ಪತ್ರಿಕೆಯೋ ಚಂದಮಾಮನ ಹಳೆಯ ಸಂಚಿಕೆಯೋ ಯಾವುದೇ ಇರಲಿ, ಆ ಎರಡನೆಯ ಕನ್ನಡ ಮಗುವಿಗೆ ಕಿವಿಯ ನೆಂಟನಾಗಿರುತ್ತದೆ. ಆಗ ಶಾಲೆಯಲ್ಲಿ ಅದು ಹೊಸದಾಗಿ ಕಲಿಯಬೇಕಾದದ್ದು ಲಿಪಿಯೊಂದನ್ನೇ. ಅಂಥ ಓದು ಕೇಳಿಸದ ಮನೆಯ ಮಗುವಾದರೋ, ಅಪರಿಚಿತ ಲಿಪಿ, ಅಪರಿಚಿತ ಭಾಷೆ ಎರಡನ್ನೂ ಒಂದೇ ದಿನ ಎದುರಿಸಬೇಕಾಗುತ್ತದೆ. ಮೊದಲ ತರಗತಿಯಲ್ಲಿ ಜಾಣ, ದಡ್ಡ ಎಂದು ನಾವು ವಿಂಗಡಿಸುವುದು ಬಹುಮಟ್ಟಿಗೆ ಈ ಕೇಳಿದವರನ್ನೂ ಕೇಳದವರನ್ನೂ. ಬುದ್ಧಿಯ ಭೇದವಲ್ಲ ಅದು, ಪಡಸಾಲೆಯ ಭೇದ.

ಇಷ್ಟು ಹೇಳಿದ ಮೇಲೆ ನನ್ನ ಮನೆಯ ಮಾತನ್ನು ಮರೆಮಾಚುವುದು ಪ್ರಾಮಾಣಿಕತೆಯಾಗದು. ನನ್ನ ಮಗಳಿಗೆ ಮೂರು ವರ್ಷ ತುಂಬುವ ಹೊತ್ತಿಗೆ ವರ್ಣಮಾಲೆಯ 49 ಅಕ್ಷರಗಳೂ ಬಾಯಿಗೆ ಬಂದಿದ್ದವು. ಬಂದ ಅತಿಥಿಗಳ ಮುಂದೆ ನಿಲ್ಲಿಸಿ ಹೇಳಿಸುತ್ತಿದ್ದೆ. “ಪಂಡಿತರ ಮಗಳು!” ಎಂದು ಅವರು ಕೊಂಡಾಡಿದರೆ ನನ್ನ ಎದೆ ಉಬ್ಬುತ್ತಿತ್ತು. ಅನಂತರ ಕಾಗುಣಿತ: ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ. ಮೂವತ್ತನಾಲ್ಕು ವ್ಯಂಜನಗಳಿಗೆ ಹದಿನೈದರಂತೆ 510 ರೂಪಗಳನ್ನೂ ಪಾಟಿಯ ಮೇಲೆ ಬರೆಯಿಸಿದೆ. ಕೈ ಬೇಸತ್ತು ನಿಂತರೆ ಫೂಟುಪಟ್ಟಿ ಮಾತಾಡುತ್ತಿತ್ತು. ಅವಳಿಗೆ ಆರು ವರ್ಷವಾದಾಗ ಒಂದು ದಿನ ಪುಸ್ತಕದ ನಡುವೆ ಬೆರಳಿಟ್ಟು “ಇದು ಯಾವ ಅಕ್ಷರ?” ಎಂದು ಕೇಳಿದೆ. ಅವಳ ತುಟಿ ಸಣ್ಣಗೆ ಅಲುಗತೊಡಗಿತು. ಕ ಖ ಗ ಘ ಎಂದು ಮೊದಲಿನಿಂದ ಹೇಳಿಕೊಂಡು ಬಂದು, ‘ದ’ಕಾರವನ್ನು ಮುಟ್ಟಿದ ಮೇಲೆಯೇ “ದ” ಎಂದಳು. ಅವಳಿಗೆ ಬಂದಿದ್ದದ್ದು ಒಂದು ಹಾಡು, ಅಕ್ಷರವಲ್ಲ. ಮುಂದೆ ಅವಳು ಓದಿದಳು, ಪದವಿ ಪಡೆದಳು. ಆದರೆ ಸಂತೋಷಕ್ಕಾಗಿ ಒಂದು ಪುಸ್ತಕವನ್ನು ಕೈಗೆತ್ತಿಕೊಂಡದ್ದನ್ನು ನಾನು ಕಂಡಿಲ್ಲ. ಸಾವಿರಾರು ಮಕ್ಕಳಿಗೆ ಸಾಹಿತ್ಯದ ರುಚಿ ಹತ್ತಿಸಲೆಂದು ಸಂಬಳ ಪಡೆದವನ ಮನೆಯಲ್ಲಿ ಹೀಗಾಯಿತು. ಇದಕ್ಕೆ ನಾನು ಇನ್ನಾರನ್ನು ದೂರಲಿ?

2020ರ ಮಾರ್ಚಿನಲ್ಲಿ ಶಾಲೆಗಳ ಬಾಗಿಲು ಮುಚ್ಚಿದಾಗ ಮಗಳು ತನ್ನ ಐದು ವರ್ಷದ ಮಗನೊಡನೆ ನಮ್ಮಲ್ಲಿಗೆ ಬಂದಳು. ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಗಳು ನಮ್ಮ ರಾಜ್ಯದಲ್ಲಿ ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು! ಆ ಅವಧಿಯಲ್ಲಿ ಮನೆಯೇ ಶಾಲೆಯಾಗಬೇಕಾಯಿತು. ಮೊಮ್ಮಗನಿಗೆ ನಾನೇ ಓದು ಕಲಿಸುವೆನೆಂದು ಪಾಟಿ ಬಳಪ ಹುಡುಕುತ್ತಿದ್ದಾಗ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: “ಅಪ್ಪಾ, ನನಗ ಕಲಿಸಿದಂಗ ಇವಗ ಕಲಿಸಬ್ಯಾಡ್ರಿ.” ಇಪ್ಪತ್ತೈದು ವರ್ಷಗಳ ಮೇಲೆ ಬಂದ ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಪಾಟಿಯನ್ನು ಕೆಳಗಿಟ್ಟೆ.

ಏನು ಮಾಡುವುದೆಂದು ತಿಳಿಯದೆ ಸರ್ಕಾರಿ ಶಾಲೆಯ ಗೆಳೆಯರೊಬ್ಬರನ್ನು ಕೇಳಿದೆ. ಅವರು ‘ನಲಿ-ಕಲಿ’ಯ ಅಕ್ಷರಗಳ ಕ್ರಮವನ್ನು ಹೇಳಿದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, ಅನಂತರ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ಈ ಪದ್ಧತಿಯಲ್ಲಿ ಮೊದಲು ಕಲಿಸುವ ಅಕ್ಷರಗಳು ಅ ಆ ಇ ಈ ಅಲ್ಲ; ರ, ಗ, ಸ, ದ, ಅ. ಮೊದಲ ಸಲ ಇದನ್ನು ಕೇಳಿದಾಗ, ಕೇಶಿರಾಜನ ಶಬ್ದಮಣಿದರ್ಪಣವನ್ನು ಗುರುಗಳ ಪಾದಮೂಲದಲ್ಲಿ ಕುಳಿತು ಓದಿದ ನನಗೆ ರೋಷವೇ ಬಂದಿತ್ತು. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯವೆಂದು ಧ್ವನಿ ಹುಟ್ಟುವ ಸ್ಥಾನಗಳನ್ನು ಹಿಡಿದು ಪೂರ್ವಿಕರು ಪೋಣಿಸಿದ ಮಾಲೆಯನ್ನು ಹರಿದು ಚೆಲ್ಲಿದ್ದಾರಲ್ಲ ಎಂದು ಸಭೆಯೊಂದರಲ್ಲಿ ಆಡಿಯೂ ಬಿಟ್ಟಿದ್ದೆ. ಈಗ ಮೊಮ್ಮಗನನ್ನು ಮುಂದೆ ಕೂರಿಸಿಕೊಂಡು ಲೆಕ್ಕ ಹಾಕಿದೆ. ಕ ಖ ಗ ಘ ಙ ಎಂಬ ಐದನ್ನು ಕಲಿತ ಮಗು ಯಾವ ಪದವನ್ನು ಓದಬಲ್ಲದು? ಒಂದನ್ನೂ ಇಲ್ಲವೆಂದರೂ ಸಲ್ಲುತ್ತದೆ. ‘ಙ’ಕಾರವನ್ನಂತೂ ಅದು ತನ್ನ ಜೀವಮಾನದಲ್ಲಿ ವರ್ಣಮಾಲೆಯ ಹೊರಗೆ ಕಾಣುವುದೇ ಅಪೂರ್ವ. ರ ಗ ಸ ದ ಅ ಕಲಿತ ಮಗುವಾದರೋ ಆ ವಾರವೇ ಅರಸ, ಅಗಸ, ಸರ, ದರ, ಗರಗಸ ಎಂದು ಓದುತ್ತದೆ. ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ಬೆಸುಗೆ ಬಿದ್ದು ಅರ್ಥ ಹುಟ್ಟುವ ಆ ಕ್ಷಣವೇ ಓದು. ಅದನ್ನು ಎರಡು ವರ್ಷ ಮುಂದೂಡುವುದು ಉಣ್ಣಲು ಕುಳಿತವನಿಗೆ ಅಡುಗೆಯ ಪಾತ್ರೆಗಳ ಹೆಸರನ್ನಷ್ಟೇ ಹೇಳಿಸಿದಂತೆ.

ವರ್ಣಮಾಲೆಯ ಕ್ರಮವನ್ನು ನಾನು ಈಗಲೂ ಬಿಟ್ಟುಕೊಟ್ಟಿಲ್ಲ. ಅದು ಧ್ವನಿಶಾಸ್ತ್ರದ ನಿಧಿ. ನಿಘಂಟನ್ನು ನೋಡುವವನಿಗೆ, ಮುಂದೆ ವ್ಯಾಕರಣ ಓದುವವನಿಗೆ ಅದು ಕಂಠಸ್ಥವಿರಲೇಬೇಕು; ಮಕ್ಕಳು ಅದನ್ನು ಹಾಡಿನಂತೆ ಹೇಳಲಿ. ಆದರೆ ನಾಲಿಗೆಗೆ ಹಾಕಿಕೊಟ್ಟ ಕ್ರಮ ಬೇರೆ, ಕಣ್ಣಿಗೆ ಬೇಕಾದ ಕ್ರಮ ಬೇರೆ. ಎರಡನ್ನೂ ಒಂದೆಂದು ತಿಳಿದದ್ದು ನನ್ನಂಥ ಪಂಡಿತರ ತಪ್ಪು, ಕೇಶಿರಾಜನದಲ್ಲ.

ಪರಾತದಲ್ಲಿ ಸಣ್ಣ ರವೆಯನ್ನು ಹರವಿ ಅದರ ಮೇಲೆ ಬೆರಳಾಡಿಸಿ ಆ ಐದಕ್ಷರಗಳನ್ನು ಮೊಮ್ಮಗ ಕಲಿತ. ಹಿಂದಿನ ಐಗಳ ಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುತ್ತಿದ್ದರಲ್ಲ, ಅದೇ ಉಪಾಯ. ತಪ್ಪಿದರೆ ಒಮ್ಮೆ ಕೈಯಾಡಿಸಿದರಾಯಿತು, ತಪ್ಪಿನ ಗುರುತೂ ಉಳಿಯುವುದಿಲ್ಲ. ದಿನಕ್ಕೆ ಕಾಲು ಗಂಟೆಗಿಂತ ಹೆಚ್ಚು ಕೂರಿಸಲಿಲ್ಲ. ಅವನು ಎದ್ದು ಓಡಿದರೆ ಅಂದಿಗೆ ಪಾಠ ಮುಗಿಯಿತು. ಬಸ್ಸುಗಳು ಮತ್ತೆ ಓಡಾಡತೊಡಗಿದ ಮೇಲೆ ಒಂದು ಸಂಜೆ ಅವನನ್ನು ಕರೆದುಕೊಂಡು ರಸ್ತೆಯ ಬದಿಯ ಕಟ್ಟೆಯ ಮೇಲೆ ಕುಳಿತಿದ್ದೆ. ಬಸ್ಸೊಂದು ಬಂದು ನಿಂತಿತು. ಹುಡುಗ ಹಣೆಯ ಮೇಲಿನ ಫಲಕವನ್ನು ದಿಟ್ಟಿಸಿದ, ನನ್ನ ಧೋತರದ ಚುಂಗನ್ನು ಜಗ್ಗಿದ, “ಅಜ್ಜಾ, ಗದಗ!” ಎಂದು ಕೂಗಿದ. ಯಾರೂ ಹೇಳಿಕೊಟ್ಟಿರಲಿಲ್ಲ. ಎರಡೇ ಅಕ್ಷರ, ಮೂರು ಸಲ, ಒಂದು ಊರಾಯಿತು. ಅಂದಿನಿಂದ ಅವನ ಕಣ್ಣಿಗೆ ಅಂಗಡಿಯ ಫಲಕ, ಬೆಲ್ಲದ ಪೆಟ್ಟಿಗೆ, ಗೊಬ್ಬರದ ಚೀಲ, ಗೋಡೆಯ ಚುನಾವಣೆಯ ಬರಹ ಯಾವುದೂ ಸುಮ್ಮನಿರಲಿಲ್ಲ. ನನ್ನ ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ಅಂಥ ಕೂಗನ್ನು ನಾನು ಕೇಳಿರಲಿಲ್ಲವೆಂದರೆ ಅತಿಶಯೋಕ್ತಿಯಲ್ಲ.

ಮುಂದಿನ ದಾರಿ ಇಷ್ಟು ಸುಗಮವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಓದಿದಂತೆ ಬರೆಯುತ್ತೇವೆ ಎಂದು ನಾವು ಹೆಮ್ಮೆಪಡುತ್ತೇವೆ. ಮಗುವಿನ ಪಕ್ಕದಲ್ಲಿ ಕುಳಿತರೆ ಆ ಹೆಮ್ಮೆಯಲ್ಲಿ ಕೆಲವು ತೂತುಗಳು ಕಾಣುತ್ತವೆ. ಒತ್ತಕ್ಷರಗಳನ್ನು ಕೊನೆಗೆ ಕಲಿಸಬೇಕೆಂಬುದು ರೂಢಿ. ಆದರೆ ಅವ್ವ, ಅಪ್ಪ, ಅಕ್ಕ, ಅಣ್ಣ, ಅಜ್ಜ, ತಮ್ಮ ಎಂದು ಮಗುವಿಗೆ ಅತ್ಯಂತ ಹತ್ತಿರದ ಪದಗಳೆಲ್ಲ ಒತ್ತಿನವೇ! ಹಾಗಾಗಿ ಒತ್ತನ್ನು ಈ ನಂಟಿನ ಪದಗಳಿಂದಲೇ, ಬೇಗನೆ ಆರಂಭಿಸುವುದು ಲೇಸು. ಅಕ್ಕ, ಅಪ್ಪ, ಅಜ್ಜ ಎಂಬಲ್ಲಿ ಒತ್ತು ಮೂಲಾಕ್ಷರದ ಕಿರಿಯ ರೂಪವೇ ಆದ್ದರಿಂದ ಮಗು ತಾನೇ ಗುರುತಿಸುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಬೇರೆಯದೇ ಆಕಾರ. ಅಲ್ಲಿ ತಡೆದು ತೋರಿಸಬೇಕು. ಎಲ್ಲಕ್ಕಿಂತ ಕಾಡುವುದು ಅರ್ಕಾವೊತ್ತು. ಬರೆಯುವುದು ಆಮೇಲೆ, ನುಡಿಯುವುದು ಮೊದಲು. ನಮ್ಮ ನಾಡಿನ ಹೆಸರನ್ನೇ ಮೊಮ್ಮಗ ‘ಕನಾರ್‌ಟಕ’ ಎಂದು ಓದಿದ. ಅವನು ಕಂಡದ್ದನ್ನು ಕಂಡ ಕ್ರಮದಲ್ಲಿಯೇ ಓದಿದ್ದ. ತಪ್ಪು ಅವನದೆನ್ನಲು ನನಗೆ ಬಾಯಿ ಬರಲಿಲ್ಲ. ಸೂರ್ಯ, ಕರ್ಪೂರ, ಮಾರ್ಗ ಎಂದು ಅವನಿಗೆ ಮೊದಲೇ ಕಿವಿಯಲ್ಲಿ ಗೊತ್ತಿದ್ದ ಹತ್ತಾರು ಪದಗಳನ್ನು ತೋರಿಸಿದ ಮೇಲೆ ಆ ಗಂಟು ತಾನಾಗಿ ಬಿಚ್ಚಿತು.

ಇನ್ನು ಮಹಾಪ್ರಾಣ. ನಮ್ಮ ಆಡುಮಾತಿನಲ್ಲಿ ಅದು ಬಹುಮಟ್ಟಿಗೆ ಅಲ್ಪಪ್ರಾಣವೇ. ‘ಭಾರತ’ವನ್ನು ‘ಬಾರತ’ವೆಂದು ಓದುವ ಮಗುವನ್ನು ಕಂಡರೆ ನನ್ನೊಳಗಿನ ವಿದ್ವಾಂಸನಿಗೆ ಮುಳ್ಳು ಚುಚ್ಚಿದಂತಾಗುತ್ತದೆ. ಆದರೂ ಐದರ ವಯಸ್ಸಿನಲ್ಲಿ ಅದಕ್ಕಾಗಿ ಓದನ್ನು ನಿಲ್ಲಿಸಬಾರದೆಂದು ನಾನು ಈಗ ಹೇಳುತ್ತೇನೆ. ವಾಕ್ಯ ಮುಗಿಯಲಿ, ಆಮೇಲೆ ನಾವು ಒಮ್ಮೆ ಸ್ಪಷ್ಟವಾಗಿ ಓದಿ ಕೇಳಿಸಿದರಾಯಿತು. ಪದಪದಕ್ಕೂ ತಡೆಯುವ ತಂದೆಯ ಮುಂದೆ ಯಾವ ಮಗುವೂ ಎರಡನೆಯ ಪುಟವನ್ನು ತಿರುವುವುದಿಲ್ಲ. ಬರವಣಿಗೆಯನ್ನೂ ಓದಿನ ಜೊತೆಯಲ್ಲಿಯೇ ಹೇರುವ ಅವಸರ ಬೇಡ. ಎಳೆಯ ಬೆರಳಿಗೆ ಕಸುವು ಬರುವ ಮೊದಲೇ ಕಣ್ಣು ಓದಬಲ್ಲದು.

“ಪಂಡಿತರೇ, ನಿಮ್ಮ ಮನೆಯಲ್ಲಿ ಪುಸ್ತಕಗಳಿವೆ, ಓದಬಲ್ಲವರಿದ್ದಾರೆ, ನಮ್ಮ ಶಾಲೆಯ ಮಕ್ಕಳ ತಾಯಂದಿರು ಸೂರ್ಯ ಹುಟ್ಟುವ ಮೊದಲು ಹೊಲಕ್ಕೆ ಹೋಗುವವರು, ಹೆಬ್ಬೆಟ್ಟು ಒತ್ತುವವರು, ಅವರೇನು ಮಾಡಬೇಕು?” ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಯೋಗ್ಯವಾದ ಪ್ರಶ್ನೆ. ಇದಕ್ಕೆ ನನ್ನ ಅಜ್ಜಿಯೇ ಉತ್ತರ. ಓದು ಬಾರದ ತಾಯಿ ಓದಿಸಿಕೊಂಡು ಕೇಳಬಲ್ಲಳು. ರೊಟ್ಟಿ ಬಡಿಯುತ್ತ, “ಏನು ಬರೆದಾರೋ ಅದರಾಗ, ಹೇಳು ನೋಡೋಣ” ಎಂದು ಒಂದು ಮಾತು ಕೇಳಿದರೆ ಮಗುವಿಗೆ ತನ್ನ ಓದು ಯಾರಿಗೋ ಬೇಕಾಗಿದೆ ಎಂಬ ಅರಿವು ಮೂಡುತ್ತದೆ. ಪರೀಕ್ಷಿಸಲು ಕೇಳುವ ಮಾಸ್ತರನಿಗೂ ತಿಳಿಯಲು ಕೇಳುವ ತಾಯಿಗೂ ಅಂತರವನ್ನು ಮಗು ಚೆನ್ನಾಗಿ ಬಲ್ಲದು. ಔಷಧದ ಚೀಟಿ, ಸೊಸೈಟಿಯ ನೋಟೀಸು, ಮದುವೆಯ ಕರೆಯೋಲೆ ಇವನ್ನು ಆ ಮನೆಯಲ್ಲಿ ಓದುವವನು ಮಗನೇ ಆದಾಗ ಅವನ ಓದಿಗೆ ಇರುವ ಗೌರವ ನಮ್ಮ ಪಾಠಕ್ಕಿಲ್ಲ. ಹಾಗೆಯೇ ಅಕ್ಷರ ಬಲ್ಲ ಅಕ್ಕ ತಮ್ಮನಿಗೆ ಓದಿ ಹೇಳಬಹುದು. ಓದುವ ಅಕ್ಕನಿಗೂ ಅದರಿಂದ ಲಾಭವೇ.

ಆದರೆ ಓದಲು ಮನೆಯಲ್ಲಿ ಏನಾದರೂ ಇರಬೇಕಷ್ಟೆ! ಇಲ್ಲಿ ಮಾತು ನಮ್ಮ ಅಂಗಳಕ್ಕೆ ಬರುತ್ತದೆ. ಫ. ಗು. ಹಳಕಟ್ಟಿಯವರನ್ನು (1880–1964) ನಾವೆಲ್ಲ ಭಕ್ತಿಯಿಂದ ನೆನೆಯುತ್ತೇವೆ. ವಿಜಯಪುರದ ಆ ವಕೀಲರು ಊರೂರು ತಿರುಗಿ ತಾಳೆಗರಿಯ ಕಟ್ಟುಗಳನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಬೆಳಕಿಗೆ ತಂದರು. ಅದಕ್ಕೂ ಮೊದಲು ಆ ಕಟ್ಟುಗಳು ಎಲ್ಲಿದ್ದವು? ಎಷ್ಟೋ ಮನೆಗಳಲ್ಲಿ ದೇವರ ಜಗುಲಿಯ ಮೇಲಿದ್ದವು. ವಿಭೂತಿ ಧರಿಸಿಕೊಂಡು ಪೂಜೆಗೊಳ್ಳುತ್ತಿದ್ದವು. ಬಿಚ್ಚಿ ಓದುವವರು ಇರಲಿಲ್ಲ. ಜನಸಾಮಾನ್ಯರ ನುಡಿಯಲ್ಲಿ ಹುಟ್ಟಿದ ಮಾತುಗಳು ಜನಸಾಮಾನ್ಯರ ಮನೆಯಲ್ಲಿಯೇ ಮೂಕವಾಗಿ ಕುಳಿತಿದ್ದವು.

ನಮ್ಮ ಪ್ರಾಥಮಿಕ ವಿಭಾಗದ ಗ್ರಂಥಾಲಯದ ಕಪಾಟನ್ನು ನೋಡಿದಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ. ಗಾಜಿನ ಬಾಗಿಲು, ಒಳಗೆ ದಾನಿಗಳು ಕೊಟ್ಟ ಸೊಗಸಾದ ಮಕ್ಕಳ ಪುಸ್ತಕಗಳು, ಹೊರಗೆ ಕೀಲಿ. ಪಂಜೆಯವರ ಪದ್ಯಗಳಿವೆ, ರಾಜರತ್ನಂ ಅವರ ತುತ್ತೂರಿಯಿದೆ, ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್‌ನವರ ಬಣ್ಣದ ಚಿತ್ರಗಳ ತೆಳು ಪುಸ್ತಕಗಳೂ ಇವೆ. ಒಂದನೆಯ ತರಗತಿಯ ಮಕ್ಕಳು ಗಾಜಿಗೆ ಮೂಗೊತ್ತಿ ರಕ್ಷಾಪುಟಗಳನ್ನು ನೋಡಿ ಹೋಗುತ್ತಾರೆ. ಕೀಲಿ ಯಾಕೆಂದು ಕೇಳಿದರೆ, “ಹರಿದುಹಾಕ್ತಾರ್ರೀ” ಎಂಬ ಉತ್ತರ ಬರುತ್ತದೆ. ಉತ್ತರ ಕೊಡುವವರದೂ ತಪ್ಪಲ್ಲ. ವರ್ಷದ ಕೊನೆಗೆ ಪುಸ್ತಕಗಳ ಎಣಿಕೆ ಕಡಿಮೆಯಾದರೆ ಲೆಕ್ಕ ಕೊಡಬೇಕಾದವರು ಅವರೇ. ಆ ಹೊಣೆಯನ್ನು ಅವರ ಮೇಲೆ ಹೊರಿಸಿದವರು ನಾವು. ಮೊಮ್ಮಗ ನಮ್ಮ ಮನೆಯಲ್ಲಿ ಓದು ಕಲಿತ ಆ ಹತ್ತೊಂಬತ್ತು ತಿಂಗಳಲ್ಲಿ ಐದು ಪುಸ್ತಕಗಳನ್ನು ಹರಿದ. ಆ ಐದೂ ಅವನಿಗೆ ಬಾಯಿಪಾಠವಾಗಿದ್ದವು. ನನ್ನ ಗಾಜಿನ ಕಪಾಟಿನಲ್ಲಿ ಒಂದೂ ಹರಿಯದೆ ಉಳಿದ ಗ್ರಂಥಗಳ ಬಗೆಗೆ ಆ ಮಾತನ್ನು ನಾನು ಹೇಳಲಾರೆ.

ನಮ್ಮ ರಾಜ್ಯದಲ್ಲಿ 2002ರಲ್ಲಿ ಬಿಸಿಯೂಟದ ಯೋಜನೆ ಆರಂಭವಾದಾಗ ಅದಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟರು. ಅನ್ನಕ್ಕೆ ಅಕ್ಷರದ ಹೆಸರನ್ನಿಟ್ಟ ನಾಡು ನಮ್ಮದು. ದಾಸೋಹದ ಮನೆಯಲ್ಲಿ ಯಾರೂ ಅನ್ನದ ಕಡಾಯಿಗೆ ಕೀಲಿ ಹಾಕುವುದಿಲ್ಲ. ಚೆಲ್ಲಿದ ಅಗುಳನ್ನು ಲೆಕ್ಕವಿಟ್ಟು ಬಡಿಸುವವನ ಸಂಬಳದಲ್ಲಿ ಮುರಿದುಕೊಳ್ಳುವುದಿಲ್ಲ. ಅಕ್ಷರದ ಪಂಕ್ತಿಗೆ ಮಾತ್ರ ಬೇರೆ ನಿಯಮವೇಕೆ?

ಆದ್ದರಿಂದ ಪೂಜ್ಯ ಶ್ರೀಗಳವರ ಸನ್ನಿಧಿಯಲ್ಲಿಯೂ ಆಡಳಿತ ಮಂಡಲಿಯವರಲ್ಲಿಯೂ ನನ್ನ ಬಿನ್ನಹವಿಷ್ಟು. ಒಂದು, ಎರಡು ಮತ್ತು ಮೂರನೆಯ ತರಗತಿಗಳ ಪ್ರತಿಯೊಂದು ಮಗುವೂ ಶನಿವಾರ ಪಾಟಿಚೀಲದಲ್ಲಿ ಒಂದು ಪುಸ್ತಕವನ್ನು ಮನೆಗೆ ಒಯ್ಯಲಿ, ಸೋಮವಾರ ತಂದು ಬೇರೊಂದನ್ನು ಆರಿಸಿಕೊಳ್ಳಲಿ. ಹರಿದದ್ದಕ್ಕೂ ಕಳೆದದ್ದಕ್ಕೂ ದಂಡವಿರದಿರಲಿ. ಅದನ್ನು ಖರ್ಚಿನ ಬಾಬಿನಲ್ಲಿ ಮೊದಲೇ ಬರೆದುಬಿಡೋಣ. ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಒಂದು ಮಾತು: ತಾವು ಕಟ್ಟಿಸಿಕೊಟ್ಟ ಕೊಠಡಿಗಳ ಗೋಡೆಯ ಮೇಲೆ ತಮ್ಮ ಹಿರಿಯರ ಹೆಸರುಗಳು ಕಲ್ಲಿನಲ್ಲಿ ಸ್ಥಿರವಾಗಿವೆ, ಅದು ಯೋಗ್ಯವೇ. ಈ ವರ್ಷ ಕೊಡುವ ದೇಣಿಗೆಯಲ್ಲಿ ಒಂದು ಪಾಲನ್ನು, ಎರಡು ವರ್ಷಗಳಲ್ಲಿ ಹರಿದು ಚಿಂದಿಯಾಗುವುದೆಂದು ಗೊತ್ತಿದ್ದೇ, ಎಳೆಯರ ಪುಸ್ತಕಗಳಿಗೆ ಮೀಸಲಿಡಿರಿ. ಅವುಗಳ ಮೇಲೆ ಹೆಸರು ಬರೆಯಿಸಬೇಕೆಂದರೆ ಬರೆಯಿಸೋಣ. ಆ ಹೆಸರನ್ನಾದರೂ ಮಕ್ಕಳು ಕೂಡಿಸಿಕೊಂಡು ಓದುತ್ತಾರೆ.

ಹರಿದ ಪುಸ್ತಕಗಳಿಗೆ ಅಂಟು ಹಚ್ಚಿ ಹೊಲಿಗೆ ಹಾಕುವ ಕೆಲಸ ಯಾರದೆಂದು ಚರ್ಚೆಯಾಗುವುದು ಬೇಡ. ಶನಿವಾರ ಶಾಲೆ ಬಿಟ್ಟ ಮೇಲೆ ಪ್ರಾಥಮಿಕ ವಿಭಾಗದ ವರಾಂಡದಲ್ಲಿ ನಾನು ಕುಳಿತಿರುತ್ತೇನೆ. ಸೂಜಿ ದಾರ ನನ್ನ ಬಳಿ ಇವೆ. ಕಪಾಟಿನ ಕೀಲಿಕೈಯೊಂದು ಬೇಕು.